ಎಲ್ಲರೂ ಸೇರಿ ಹೇಳಿದ ಸುಳ್ಳು: ‘ದಿ ವೆಡ್ಡಿಂಗ್ ಬ್ಯಾಂಕ್ವೆಟ್’

ಇಬ್ಬರು ಗಂಡಸರ ಪ್ರೇಮಕಥೆ ಆಗಿರಬೇಕು, ಹೊಟ್ಟೆ ಹುಣ್ಣಾಗುವಷ್ಟು ನಗಿಸಬೇಕು, ಆದರೆ ಯಾರನ್ನೂ ಗೇಲಿ ಮಾಡಬಾರದು. ಅಂಥ ಸಿನಿಮಾ ಯಾವುದಿದೆ ಅಂತ ಕೇಳಿದವರಿಗೆಲ್ಲ ನಾನು ಮೊದಲು ಹೇಳುವ ಹೆಸರು ‘ದಿ ವೆಡ್ಡಿಂಗ್ ಬ್ಯಾಂಕ್ವೆಟ್’. 1993ರ ಸಿನಿಮಾ. ನಿರ್ದೇಶಕ ಆಂಗ್ ಲೀ. ಅವರ ಹೆಸರು ಜಗತ್ತಿಗೆಲ್ಲ ಗೊತ್ತಾಗುವುದಕ್ಕೆ ಮುಂಚೆ, ಕಡಿಮೆ ದುಡ್ಡಿನಲ್ಲಿ, ತೈವಾನ್‌ನ ಹಣ ಮತ್ತು ನ್ಯೂಯಾರ್ಕ್‌ನ ಒಂದು ಸಣ್ಣ ಸ್ವತಂತ್ರ ಸಂಸ್ಥೆಯ ಓಡಾಟ ಸೇರಿ ಆದ ಚಿತ್ರ ಇದು.

ನನಗೆ ಇದನ್ನು ತೋರಿಸಿದ್ದು ನನ್ನ ತಮ್ಮ. ತಾನು ಗೇ ಅಂತ ಅವನು ನನಗೆ ಹೇಳಿ ಆಗಲೇ ಸುಮಾರು ಕಾಲ ಆಗಿತ್ತು. ಅಮ್ಮನಿಗೆ ಇನ್ನೂ ಹೇಳಿರಲಿಲ್ಲ. ಹಾಗಾಗಿ ಈ ಸಿನಿಮಾವನ್ನು ನಾನು ದೂರ ನಿಂತು ನೋಡಲಾರೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇನ್ನೊಂದು ಮಾತು: ಕೊನೆಯ ತನಕ ಏನಾಗುತ್ತದೆ ಅಂತ ಹೇಳದೆ ಇದರ ಬಗ್ಗೆ ಬರೆಯಲು ಆಗುವುದಿಲ್ಲ. ಕಥೆ ಮೊದಲೇ ಗೊತ್ತಾಗುವುದು ಬೇಡ ಅನ್ನುವವರು ನೋಡಿಕೊಂಡು ಬಂದು ಓದಿ.

ವೈ-ಟುಂಗ್ ತೈವಾನ್‌ನವನು, ನ್ಯೂಯಾರ್ಕ್‌ನಲ್ಲಿ ನೆಲೆ ನಿಂತಿದ್ದಾನೆ. ಹಳೆಯ ಕಟ್ಟಡಗಳನ್ನು ರಿಪೇರಿ ಮಾಡಿಸಿ ಬಾಡಿಗೆಗೆ ಕೊಡುವುದು ಅವನ ವ್ಯವಹಾರ. ಸೈಮನ್ ಜೊತೆ ಸಂಸಾರ. ಸೈಮನ್ ಫಿಸಿಯೋಥೆರಪಿಸ್ಟ್. ಇಬ್ಬರದ್ದೂ ಸುಖವಾದ, ಸ್ವಲ್ಪ ಕಿರಿಕಿರಿಯೂ ಇರುವ, ಎಲ್ಲ ಗಂಡ ಹೆಂಡಿರ ಥರದ ಬದುಕು. ಸಿನಿಮಾ ಶುರುವಾಗುವುದೇ ಜಿಮ್‌ನಲ್ಲಿ. ವೈ-ಟುಂಗ್ ಬೆವರು ಸುರಿಸಿಕೊಂಡು ವ್ಯಾಯಾಮ ಮಾಡುತ್ತಿದ್ದಾನೆ, ಕಿವಿಯಲ್ಲಿ ಅಮ್ಮ ತೈವಾನ್‌ನಿಂದ ಕಳಿಸಿದ ಕ್ಯಾಸೆಟ್ ಓಡುತ್ತಿದೆ. ಅಮ್ಮನ ದನಿಯಲ್ಲಿ ಬೈಗುಳ ಇಲ್ಲ. ಊರಿನ ಸುದ್ದಿ, ಅಪ್ಪನ ಆರೋಗ್ಯ, ಅದರ ಮಧ್ಯೆ ಮದುವೆ ಯಾವಾಗ ಅನ್ನುವ ಮಾತು. ಭಾರ ಎತ್ತುತ್ತಿರುವ ಮಗ, ಕಿವಿಯಲ್ಲಿ ಅಮ್ಮ. ಇಡೀ ಸಿನಿಮಾ ಆ ಒಂದು ದೃಶ್ಯದಲ್ಲೇ ಇದೆ ಅನ್ನಬಹುದು.

ಅಮ್ಮ ಸುಮ್ನೆ ಕೂರುವವಳಲ್ಲ. ಹುಡುಗಿ ಹುಡುಕಿ ಕೊಡುವ ಸಂಸ್ಥೆಯೊಂದರ ಫಾರಂ ಕಳಿಸುತ್ತಾಳೆ. ತಪ್ಪಿಸಿಕೊಳ್ಳುವುದಕ್ಕೆ ವೈ-ಟುಂಗ್ ಮತ್ತು ಸೈಮನ್ ಸೇರಿ ಯಾರಿಗೂ ಸಿಗಲಾರದಂಥ ಹುಡುಗಿ ಬೇಕು ಅಂತ ಬರೆದು ಕಳಿಸುತ್ತಾರೆ. ಎತ್ತರ ಇರಬೇಕು, ಡಾಕ್ಟರೇಟ್ ಇರಬೇಕು, ಆಪೆರಾ ಹಾಡಬೇಕು. ಅಂಥವಳೇ ಸಿಕ್ಕಿಬಿಡುತ್ತಾಳೆ! ಅವಳೂ ಮನೆಯವರಿಗೆ ಹೇಳದೆ ಬೇರೆ ಯಾರನ್ನೋ ಪ್ರೀತಿಸುತ್ತಿದ್ದಾಳೆ ಅನ್ನುವುದು ಆಮೇಲೆ ಗೊತ್ತಾಗುತ್ತದೆ. ಈ ಸಣ್ಣ ಪಾತ್ರ ನನಗೆ ಬಹಳ ಇಷ್ಟ. ಮನೆಯವರಿಂದ ಮುಚ್ಚಿಡುವುದು ಗೇ ಮಕ್ಕಳ ಪಾಡು ಮಾತ್ರ ಅಲ್ಲ ಅನ್ನುವುದನ್ನು ಭಾಷಣವಿಲ್ಲದೆ, ಒಂದು ಊಟದ ಹೊತ್ತಿನಲ್ಲಿ ಹೇಳಿಬಿಡುತ್ತಾರೆ.

ಆಗ ಸೈಮನ್ ಒಂದು ಉಪಾಯ ಹೇಳುತ್ತಾನೆ. ವೇ-ವೇ ಅನ್ನುವ ಹುಡುಗಿ ವೈ-ಟುಂಗ್‌ನ ಬಾಡಿಗೆದಾರಳು. ಶಾಂಘೈಯಿಂದ ಬಂದ ಚಿತ್ರಕಲಾವಿದೆ. ಬಾಡಿಗೆ ಕೊಡಲು ದುಡ್ಡಿಲ್ಲ, ಅಮೆರಿಕದಲ್ಲಿ ಉಳಿಯಲು ಗ್ರೀನ್ ಕಾರ್ಡ್ ಇಲ್ಲ. ಅವಳನ್ನು ಕಾಗದದ ಮೇಲೆ ಮದುವೆಯಾದರೆ ಅವಳಿಗೆ ಗ್ರೀನ್ ಕಾರ್ಡ್, ನಿನ್ನ ಅಪ್ಪ ಅಮ್ಮನಿಗೆ ನೆಮ್ಮದಿ, ಮೇಲಾಗಿ ತೆರಿಗೆಯೂ ಉಳಿಯುತ್ತದೆ ಅನ್ನುತ್ತಾನೆ. ಎಲ್ಲರಿಗೂ ಲಾಭ. ಆದರೆ ಸುದ್ದಿ ಕೇಳಿದ ಅಪ್ಪ ಅಮ್ಮ ವಿಮಾನ ಹತ್ತಿ ಬಂದೇಬಿಡುತ್ತಾರೆ.

ಅವರು ಬರುವ ಮುಂಚಿನ ದೃಶ್ಯವನ್ನು ನಾವು ನಿಲ್ಲಿಸಿ ಮತ್ತೆ ನೋಡಿದೆವು. ವೈ-ಟುಂಗ್ ಮತ್ತು ಸೈಮನ್ ತಮ್ಮ ಮನೆಯಿಂದ ತಮ್ಮನ್ನೇ ತೆಗೆದು ಹಾಕುತ್ತಾರೆ. ಗೋಡೆಯ ಮೇಲಿನ ಫೋಟೋಗಳು ಇಳಿಯುತ್ತವೆ. ಅಪ್ಪ ಬರೆದ ಚೀನೀ ಕೈಬರಹದ ಉದ್ದನೆಯ ಹಾಳೆಗಳು ಆ ಜಾಗಕ್ಕೆ ಬರುತ್ತವೆ. ಸೈಮನ್‌ನ ಸಾಮಾನು ಬೇರೆ ಕೋಣೆಗೆ, ವೇ-ವೇ ಸಾಮಾನು ಅವನ ಜಾಗಕ್ಕೆ. ಎಲ್ಲ ಚಕಚಕನೆ, ಹಾಸ್ಯದ ಓಟದಲ್ಲೇ ನಡೆಯುತ್ತದೆ. ನಾನು ನಗುತ್ತಿದ್ದೆ. ತಮ್ಮ ಹೇಳಿದ: “ಅಕ್ಕ, ಅಮ್ಮ ಬರುತ್ತಾಳೆ ಅಂದಾಗೆಲ್ಲ ನಾವು ಮಾಡುತ್ತಿದ್ದದ್ದು ಇದೇ. ಅವನ ದಿಂಬು ಆಚೆ ಕೋಣೆಗೆ, ಒಂದು ಟೂತ್‌ಬ್ರಷ್ ಡ್ರಾದೊಳಗೆ.” ಆಮೇಲೆ ನಾನು ಆ ದೃಶ್ಯ ನೋಡಿದ್ದು ಬೇರೆಯದೇ ಕಣ್ಣಿನಿಂದ. ಈ ಸಿನಿಮಾದ ದೊಡ್ಡ ಗುಣ ಅದು. ನಗಿಸುವ ಜಾಗದಲ್ಲೇ ಅದು ನೋವನ್ನೂ ಇಟ್ಟಿರುತ್ತದೆ, ನೋಡುವವರು ಯಾರು ಅನ್ನುವುದರ ಮೇಲೆ ಎರಡರಲ್ಲಿ ಒಂದು ಮೊದಲು ಕಾಣುತ್ತದೆ.

ಆಮೇಲೆ ನಡೆಯುವುದೆಲ್ಲ ಒಂದರ ಮೇಲೊಂದು ಎಡವಟ್ಟು. ಅಡುಗೆ ಬಾರದ ವೇ-ವೇ ಅಚ್ಚುಕಟ್ಟಾದ ಸೊಸೆಯ ಪಾತ್ರ ಮಾಡಬೇಕು. ಅಡುಗೆ ಮಾಡುವವನು ಸೈಮನ್, ಹೊಗಳಿಕೆ ಸಿಗುವುದು ಅವಳಿಗೆ. ಆಂಗ್ ಲೀ ಮೊದಲ ಸಿನಿಮಾ ಸಿಗುವ ಮುಂಚೆ ಸುಮಾರು 6 ವರ್ಷ ಕೆಲಸವಿಲ್ಲದೆ ಮನೆಯಲ್ಲಿದ್ದು, ಅಡುಗೆ, ಮಕ್ಕಳು, ಚಿತ್ರಕಥೆ ಬರೆಯುವುದು ಇಷ್ಟನ್ನೇ ಮಾಡಿಕೊಂಡಿದ್ದವರು. ಸಂಸಾರ ನಡೆಸಿದ್ದು ಅವರ ಹೆಂಡತಿಯ ದುಡಿಮೆ. ಒಲೆ ಮುಂದೆ ನಿಂತವನ ಆಯಾಸ ಮತ್ತು ಅವನಿಗೆ ಸಿಗದ ಹೊಗಳಿಕೆ ಈ ಸಿನಿಮಾದಲ್ಲಿ ಅಷ್ಟು ಚೆನ್ನಾಗಿ ಬಂದಿರುವುದು ಅದರಿಂದಲೇ ಇರಬೇಕು ಅನ್ನಿಸುತ್ತದೆ.

ಮೊದಲು ರಿಜಿಸ್ಟರ್ ಮದುವೆ. ನ್ಯೂಯಾರ್ಕ್‌ನ ಸಿಟಿ ಹಾಲ್‌ನಲ್ಲಿ ಕೆಲವೇ ನಿಮಿಷದಲ್ಲಿ ಮುಗಿದುಹೋಗುತ್ತದೆ. ವೇ-ವೇಗೆ ಪ್ರಮಾಣದ ಮಾತುಗಳೇ ಬಾಯಿಗೆ ಬರುವುದಿಲ್ಲ, ಏನೇನೋ ತಿರುವುಮುರುವು ಹೇಳುತ್ತಾಳೆ. ಪಕ್ಕದಲ್ಲಿ ನಿಂತು ಇದನ್ನೆಲ್ಲ ನೋಡುವವನು ಸೈಮನ್. ಅಮ್ಮನಿಗೆ ಅಳು. ಒಬ್ಬನೇ ಮಗನ ಮದುವೆ ಇಷ್ಟು ಸಪ್ಪೆಯಾಗಿ ಆಯಿತಲ್ಲ ಅಂತ. ಅದಾದ ಮೇಲೆ ಊಟಕ್ಕೆ ಹೋದ ಹೋಟೆಲ್‌ನ ಮಾಲೀಕ ಯಾರು ಅಂದರೆ, ಸೈನ್ಯದಲ್ಲಿ ಅಪ್ಪನ ಕೈಕೆಳಗೆ ಡ್ರೈವರ್ ಆಗಿದ್ದವನು. ತನ್ನ ಹಳೆಯ ಸಾಹೇಬರ ಮಗನ ಮದುವೆ ಊಟ ತಾನೇ ಹಾಕಿಸುತ್ತೇನೆ ಅನ್ನುತ್ತಾನೆ. ಬೇಡ ಅಂದರೆ ಅವನ ಮನಸ್ಸಿಗೆ ನೋವಾಗುತ್ತದೆ. ಯಾರೂ ಬಯಸದ ಮದುವೆ ಊಟಕ್ಕೆ ಎಲ್ಲರೂ ತಲೆಯಾಡಿಸಬೇಕಾಗುತ್ತದೆ.

ಆ ಮದುವೆ ಊಟದ ಭಾಗವೇ ಸಿನಿಮಾದ ಹೊಟ್ಟೆ. ಉದ್ದವಾಗಿದೆ, ಉದ್ದವಾಗಿಯೇ ಇರಬೇಕು. ತುಂಬಿದ ಹಾಲ್, ಗಲಾಟೆ, ಕುಡಿತ, ಮದುಮಕ್ಕಳಿಗೆ ಒಂದಾದ ಮೇಲೊಂದು ಆಟ, ಚುಂಬನದ ಪಂಥ, ಕಣ್ಣಿಗೆ ಬಟ್ಟೆ ಕಟ್ಟಿ ಗಂಡನನ್ನು ಗುರುತಿಸು ಅನ್ನುವುದು. ಅತಿಥಿಗಳ ನಡುವೆ ಆಂಗ್ ಲೀ ಕೂಡ ಒಂದು ಕ್ಷಣ ಕಾಣಿಸಿಕೊಂಡು, 5000 ವರ್ಷ ಅದುಮಿಟ್ಟ ಕಾಮನೆಯ ಫಲ ನೀವು ನೋಡುತ್ತಿರುವುದು ಅಂತ ಪಕ್ಕದವರಿಗೆ ಹೇಳುತ್ತಾರೆ. ಮದುವೆ ಮುಗಿದರೂ ಜನ ಬಿಡುವುದಿಲ್ಲ, ಮಲಗುವ ಕೋಣೆಗೇ ನುಗ್ಗುತ್ತಾರೆ. ಹೊದಿಕೆಯೊಳಗಿಂದ ಮದುಮಕ್ಕಳ ಬಟ್ಟೆ ಒಂದೊಂದಾಗಿ ಹೊರಗೆ ಬರುವ ತನಕ ಅಲ್ಲೇ ಕೂರುತ್ತಾರೆ. ಇಲ್ಲಿ ಕ್ಯಾಮೆರಾ ಸೈಮನ್‌ನನ್ನು ಮರೆಯುವುದಿಲ್ಲ. ಅಷ್ಟು ಜನರ ಸಂತೋಷದ ನಡುವೆ, ಈ ಮನೆಯ ನಿಜವಾದ ಸಂಗಾತಿ ಅತಿಥಿಗಳಲ್ಲಿ ಒಬ್ಬನಾಗಿ ಕೂತಿದ್ದಾನೆ. ಯಾರೂ ಅವನಿಗೆ ಕೆಟ್ಟದ್ದು ಮಾಡುತ್ತಿಲ್ಲ. ಯಾರಿಗೂ ಅವನು ಯಾರು ಅಂತಲೇ ಗೊತ್ತಿಲ್ಲ, ಅಷ್ಟೇ.

ಆ ರಾತ್ರಿ ಕುಡಿದ ಅಮಲಿನಲ್ಲಿ ವೇ-ವೇ ಮತ್ತು ವೈ-ಟುಂಗ್ ನಡುವೆ ಆಗುವುದನ್ನು ನಾನು ಒಪ್ಪಲಾರೆ. ಅವನು ಬೇಡ ಅನ್ನುತ್ತಾನೆ, ಅವಳು ಮುಂದುವರಿಯುತ್ತಾಳೆ, ಸಿನಿಮಾ ಅದನ್ನು ಒಂದು ತಮಾಷೆಯ ತಿರುವಿನ ಥರ ದಾಟಿಸಿಬಿಡುತ್ತದೆ. ಹುಡುಗ ಹುಡುಗಿಯ ಜಾಗ ಅದಲು ಬದಲಾಗಿದ್ದರೆ ಯಾರೂ ನಗುತ್ತಿರಲಿಲ್ಲ ಅಲ್ವಾ? ಅವಳು ಗರ್ಭಿಣಿಯಾಗುವುದು ಕಥೆಗೆ ಬೇಕು, ನಿಜ. ಆದರೆ ಮಾರನೇ ದಿನ ಅವನಿಗೆ ಏನನ್ನಿಸಿತು ಅನ್ನುವುದಕ್ಕೆ ಒಂದು ನಿಮಿಷವಾದರೂ ಕೊಡಬೇಕಿತ್ತು. ಇದು ಈ ಚಿತ್ರದ ದೊಡ್ಡ ಕೊರತೆ.

ಇನ್ನು ಅಪ್ಪ. ಲುಂಗ್ ಸಿಹುಂಗ್ ಈ ಪಾತ್ರ ಮಾಡಿದ್ದಾರೆ. ಆಂಗ್ ಲೀಯ ಮೊದಲ ಮೂರು ಸಿನಿಮಾಗಳಲ್ಲೂ ಅಪ್ಪ ಅವರೇ. ನಿವೃತ್ತ ಸೇನಾಧಿಕಾರಿ, ಮಾತು ಕಡಿಮೆ, ಕೈಬರಹದ ಕಲೆಯಲ್ಲಿ ಆಸಕ್ತಿ. ಗೋಡೆಯ ಮೇಲಿನ ಬರಹವನ್ನು ವೇ-ವೇ ಸರಿಯಾಗಿ ಗುರುತಿಸಿ ಮೆಚ್ಚಿದಾಗ ಅವರ ಮುಖದಲ್ಲಿ ಮೂಡುವ ಬೆಳಕು ನೋಡಬೇಕು. ಒಂದು ಕಡೆ ಅವರು ಮಗನಿಗೆ ತಮ್ಮ ಕಥೆ ಹೇಳುತ್ತಾರೆ. ತಾನು ಸೈನ್ಯ ಸೇರಿದ್ದೇ ತನ್ನ ಅಪ್ಪ ಗೊತ್ತು ಮಾಡಿದ ಮದುವೆ ತಪ್ಪಿಸಿಕೊಳ್ಳಲು ಅಂತ. ಆಮೇಲೆ ಊರಿನ ಕಡೆಯಿಂದ ಬಂದ ಸುದ್ದಿಯಲ್ಲಿ, ವಂಶವನ್ನು ಬೇರೆಲ್ಲಾದರೂ ಹೊಸದಾಗಿ ಬೆಳೆಸು ಅನ್ನುವ ಮಾತಿತ್ತು. ಮದುವೆಯಿಂದ ಓಡಿಹೋದ ಮನುಷ್ಯನೇ ಈಗ ಮಗನ ಮದುವೆ ನೋಡಲು ಸಮುದ್ರ ದಾಟಿ ಬಂದಿದ್ದಾನೆ. ಈ ವಿಷಯ ತಲೆಯಲ್ಲಿ ಇಟ್ಟುಕೊಂಡು ಮಿಕ್ಕ ಸಿನಿಮಾ ನೋಡಿ.

ವೇ-ವೇ ಗರ್ಭಿಣಿ ಅಂತ ಗೊತ್ತಾದ ಬೆಳಿಗ್ಗೆ ತಿಂಡಿಯ ಹೊತ್ತಿನಲ್ಲಿ ಮೂವರೂ ಕಿತ್ತಾಡುತ್ತಾರೆ. ಅಪ್ಪ ಅಮ್ಮ ಅಲ್ಲೇ ಇದ್ದಾರೆ. ಇಂಗ್ಲಿಷ್‌ನಲ್ಲಿ ಜಗಳ ಆಡಿದರೆ ಇವರಿಗೇನು ತಿಳಿಯುತ್ತದೆ ಅನ್ನುವ ಧೈರ್ಯ. ಸೈಮನ್‌ನ ಇಷ್ಟು ದಿನದ ಸಿಟ್ಟೆಲ್ಲ ಅಲ್ಲಿ ಹೊರಗೆ ಬರುತ್ತದೆ. ಉಪಾಯ ಹೇಳಿದವನು ತಾನೇ, ಈಗ ಮನೆಯಲ್ಲಿ ಜಾಗ ಇಲ್ಲದವನೂ ತಾನೇ. ಸೈಮನ್ ಆಗಿ ಮಿಚೆಲ್ ಲಿಕ್ಟನ್‌ಸ್ಟೀನ್ ಈ ದೃಶ್ಯದಲ್ಲಿ ತುಂಬ ಚೆನ್ನಾಗಿ ಮಾಡಿದ್ದಾರೆ. ಇಡೀ ಸಿನಿಮಾದಲ್ಲಿ ಸೈಮನ್ ಒಳ್ಳೆಯವನು, ತಾಳ್ಮೆಯವನು, ಎಲ್ಲರಿಗೂ ಬೇಕಾದದ್ದನ್ನು ಮಾಡಿಕೊಡುವವನು. ಅವನ ಸ್ವಂತ ಮನೆಯವರು, ಅವನ ಗೆಳೆಯರು, ಅವನ ಬದುಕು ಇನ್ನೂ ಸ್ವಲ್ಪ ಬೇಕಿತ್ತು ಅನ್ನಿಸುತ್ತದೆ. ವೈ-ಟುಂಗ್‌ಗೆ ಒಂದು ವಂಶವೇ ಇದೆ, ಸೈಮನ್‌ಗೆ ವೈ-ಟುಂಗ್ ಮಾತ್ರ.

ಅಪ್ಪನಿಗೆ ಸಣ್ಣದಾಗಿ ಪಾರ್ಶ್ವವಾಯು ಹೊಡೆದು ಆಸ್ಪತ್ರೆ ಸೇರಿದಾಗ, ವೈ-ಟುಂಗ್ ಅಮ್ಮನಿಗೆ ಎಲ್ಲ ಹೇಳಿಬಿಡುತ್ತಾನೆ. ಗುವಾ ಆ-ಲೇ ಅಮ್ಮನ ಪಾತ್ರದಲ್ಲಿ. ಅವಳು ಕಿರುಚುವುದಿಲ್ಲ. ಮೊದಲು ಕೇಳುವುದು, ಸೈಮನ್ ನಿನ್ನನ್ನು ದಾರಿ ತಪ್ಪಿಸಿದನಾ ಅಂತ. ಆಮೇಲೆ ಹೇಳುವುದು, ಅಪ್ಪನಿಗೆ ಮಾತ್ರ ಗೊತ್ತಾಗಬಾರದು ಅಂತ. ಒಂದು ಸುಳ್ಳು ಬಿಚ್ಚಿದ ತಕ್ಷಣ ಇನ್ನೊಂದು ಸುಳ್ಳಿಗೆ ಅವಳು ತಾನೇ ಕಾವಲು ನಿಲ್ಲುತ್ತಾಳೆ. ಅವಳನ್ನು ಕೆಟ್ಟವಳು ಅನ್ನಲು ನನಗೆ ಬಾಯಿ ಬರುವುದಿಲ್ಲ. ಬದಲಾಗುವುದಕ್ಕೆ ಅವಳಿಗೆ ಸಿಕ್ಕಿದ್ದು ಆಸ್ಪತ್ರೆಯಲ್ಲಿ ನಿಂತಿದ್ದಷ್ಟು ಹೊತ್ತು ಮಾತ್ರ.

ಆದರೆ ಅಪ್ಪನಿಗೆ ಎಲ್ಲ ಗೊತ್ತಿತ್ತು. ಚೇತರಿಸಿಕೊಳ್ಳುವಾಗ ಸೈಮನ್ ಅವರನ್ನು ವಾಕಿಂಗ್ ಕರೆದುಕೊಂಡು ಹೋಗುತ್ತಾನೆ. ನೀರಿನ ದಡದಲ್ಲಿ ಕೂತಾಗ ಅಪ್ಪ ಅವನ ಹುಟ್ಟುಹಬ್ಬಕ್ಕೆ ಅಂತ ಒಂದು ಕೆಂಪು ಲಕೋಟೆ ಕೊಡುತ್ತಾರೆ. ಮನೆಯ ಹಿರಿಯರು ಮನೆಯ ಕಿರಿಯರಿಗೆ ಕೊಡುವ ಲಕೋಟೆ ಅದು. ಕೊಟ್ಟು, ಇಂಗ್ಲಿಷ್‌ನಲ್ಲೇ ಮಾತಾಡುತ್ತಾರೆ. ತಾನು ನೋಡುತ್ತೇನೆ, ಕೇಳಿಸಿಕೊಳ್ಳುತ್ತೇನೆ, ಕಲಿಯುತ್ತೇನೆ ಅಂತ. ವೈ-ಟುಂಗ್ ನನ್ನ ಮಗ, ಹಾಗಾಗಿ ನೀನೂ ನನ್ನ ಮಗ ಅಂತ. ಆದರೆ ಇದು ಯಾರಿಗೂ ಗೊತ್ತಾಗಬಾರದು. ಹೆಂಡತಿಗೂ ಬೇಡ, ಮಗನಿಗೂ ಬೇಡ, ವೇ-ವೇಗೂ ಬೇಡ. ಆಮೇಲೆ ಸೈಮನ್‌ಗೆ ಅರ್ಥವಾಗದ ಹಾಗೆ ಚೀನೀ ಭಾಷೆಯಲ್ಲಿ ಇನ್ನೊಂದು ಮಾತು ಹೇಳುತ್ತಾರೆ: ಅವರು ನನಗೆ ಸುಳ್ಳು ಹೇಳಲು ನಾನು ಬಿಡದೆ ಇದ್ದಿದ್ದರೆ ನನಗೆ ಮೊಮ್ಮಗು ಎಲ್ಲಿ ಸಿಗುತ್ತಿತ್ತು?

ಆ ದೃಶ್ಯ ನೋಡಿ ಕಣ್ಣೀರು ಹಾಕುವವರು ಬಹಳ. ನಾನೂ ಹಾಕಿದೆ. ಆದರೆ ಅಲ್ಲಿಗೇ ನಿಂತರೆ ಸಿನಿಮಾ ನಮಗೆ ಪೂರ್ತಿ ಸಿಕ್ಕಿಲ್ಲ ಅಂತ ಅರ್ಥ. ಅಪ್ಪ ಸೈಮನ್‌ನನ್ನು ಒಪ್ಪಿಕೊಂಡರು, ನಿಜ. ಅದೇ ಬಾಯಲ್ಲಿ, ತನಗೆ ಬೇಕಾದದ್ದನ್ನು ಪಡೆಯಲು ಎಲ್ಲರ ಸುಳ್ಳನ್ನೂ ಬಳಸಿಕೊಂಡೆ ಅಂತಲೂ ಹೇಳಿದರು. ಪ್ರೀತಿ ಮತ್ತು ಲೆಕ್ಕಾಚಾರ ಎರಡೂ ಒಂದೇ ಮನುಷ್ಯನಲ್ಲಿ, ಒಂದೇ ಉಸಿರಿನಲ್ಲಿ. ಈ ಅಪ್ಪನನ್ನು ದೇವರು ಮಾಡಲು ಸಿನಿಮಾ ಬಿಡುವುದಿಲ್ಲ, ರಾಕ್ಷಸ ಮಾಡಲೂ ಬಿಡುವುದಿಲ್ಲ. ಹಾಗಾದರೆ ಅವರ ಮೊಮ್ಮಗುವಿನ ಬೆಲೆ ಕೊಟ್ಟವರು ಯಾರು?

ವೇ-ವೇ. ನನ್ನ ಮಟ್ಟಿಗೆ ಈ ಸಿನಿಮಾದ ಅತಿ ಕಷ್ಟದ ಪಾತ್ರ ಅವಳದು. ಗ್ರೀನ್ ಕಾರ್ಡ್‌ಗೋಸ್ಕರ ಒಪ್ಪಿಕೊಂಡಳು, ಮಧ್ಯದಲ್ಲಿ ಅತ್ತೆ ಮಾವನ ಪ್ರೀತಿಗೆ ನಿಜವಾಗಿಯೂ ಸೋತಳು. ಅತ್ತೆ ಆಸೆಯಿಂದ ತಂದ ಕೆಂಪು ಉಡುಪು, ಒಡವೆ ಮೈಮೇಲೆ ಬಂದಾಗ ಅವಳ ಮುಖದಲ್ಲಿ ನಾಚಿಕೆಯೂ ಇದೆ, ಇದೆಲ್ಲ ನನ್ನದಲ್ಲ ಅನ್ನುವ ಸಂಕಟವೂ ಇದೆ. ಗರ್ಭಪಾತ ಮಾಡಿಸಿಕೊಳ್ಳಲು ಹೊರಟವಳು ದಾರಿಯಲ್ಲಿ ಹಸಿವಾಗಿ ಬರ್ಗರ್ ತಿನ್ನಲು ನಿಲ್ಲುತ್ತಾಳೆ, ಅಲ್ಲಿ ಮನಸ್ಸು ಬದಲಾಗುತ್ತದೆ. ಇದನ್ನು ಎಷ್ಟು ಹಗುರವಾಗಿ ತೆಗೆದಿದ್ದಾರೆ ಅಂದರೆ, ಅವಳ ಇಡೀ ಬದುಕು ಅಲ್ಲಿ ತಿರುಗಿತು ಅನ್ನುವುದು ಸ್ವಲ್ಪ ಹೊತ್ತಿನ ಮೇಲೆ ಹೊಳೆಯುತ್ತದೆ. ಕೊನೆಗೆ ಮಗುವಿಗೆ ಇಬ್ಬರು ಅಪ್ಪಂದಿರಿರಲಿ, ಅದರಲ್ಲಿ ನೀನೂ ಒಬ್ಬನಾಗು ಅಂತ ಅವಳೇ ಸೈಮನ್‌ನನ್ನು ಕೇಳುತ್ತಾಳೆ. ವೈ-ಟುಂಗ್‌ಗೆ ಸೈಮನ್ ಸಿಕ್ಕ, ಅಪ್ಪ ಅಮ್ಮನಿಗೆ ಮೊಮ್ಮಗು ಸಿಕ್ಕಿತು. ಅವಳ ಚಿತ್ರಕಲೆ ಏನಾಯಿತು, ಅವಳನ್ನು ಪ್ರೀತಿಸುವವರು ಯಾರು ಅಂತ ಸಿನಿಮಾ ಉತ್ತರಿಸುವುದಿಲ್ಲ. ವೇ-ವೇ ಪಾತ್ರ ಮಾಡಿದ ಮೇ ಚಿನ್ ಅದನ್ನೆಲ್ಲ ಕಣ್ಣಿನಲ್ಲೇ ಹಿಡಿದಿಟ್ಟಿದ್ದಾರೆ. ಅವರು ಮುಂದೆ ತೈವಾನ್‌ನ ಸಂಸತ್ತಿಗೆ ಆರಿಸಿ ಬಂದು ರಾಜಕಾರಣಿಯಾದರು.

ವಿಮಾನ ನಿಲ್ದಾಣದ ಕೊನೆಯ ದೃಶ್ಯ ಬಹಳ ಹೆಸರುವಾಸಿ. ಭದ್ರತಾ ತಪಾಸಣೆಗೆ ಅಪ್ಪ ನಿಧಾನವಾಗಿ ಎರಡೂ ಕೈ ಮೇಲೆತ್ತುತ್ತಾರೆ. ಶರಣಾಗತಿ ಅನ್ನುವವರಿದ್ದಾರೆ, ನಿರಾಳ ಅನ್ನುವವರಿದ್ದಾರೆ. ನನಗೆ ಅದಕ್ಕಿಂತ ಸ್ವಲ್ಪ ಮುಂಚೆ ಎಲ್ಲರೂ ಮದುವೆಯ ಆಲ್ಬಂ ನೋಡುವ ದೃಶ್ಯವೇ ಹೆಚ್ಚು. ಸುಳ್ಳಿನ ಮದುವೆಯ ನಿಜವಾದ ಫೋಟೋಗಳು. ಯಾರ್ಯಾರಿಗೆ ಏನೇನು ಗೊತ್ತು ಅನ್ನುವುದನ್ನು ತಿಳಿದುಕೊಂಡು ಆ ಮುಖಗಳನ್ನು ಒಂದೊಂದಾಗಿ ನೋಡಿ. ಪ್ರತಿಯೊಬ್ಬರೂ ಬೇರೆ ಬೇರೆ ಆಲ್ಬಂ ನೋಡುತ್ತಿದ್ದಾರೆ.

ಸಿನಿಮಾ ಆದ ಕಥೆಯೂ ಹೇಳುವಂಥದ್ದೇ. ನೀಲ್ ಪೆಂಗ್ ಎನ್ನುವ ಗೆಳೆಯ ತನ್ನ ಪರಿಚಯದವರೊಬ್ಬರ ಬದುಕಿನಲ್ಲಿ ಆದದ್ದನ್ನು ಹೇಳಿದ್ದು ಕಥೆಯ ಬೀಜ. 1990ರಲ್ಲಿ ತೈವಾನ್ ಸರ್ಕಾರದ ಚಿತ್ರಕಥಾ ಸ್ಪರ್ಧೆಗೆ ಆಂಗ್ ಲೀ ಎರಡು ಕಥೆ ಕಳಿಸಿದರು, ಇದಕ್ಕೆ ಎರಡನೇ ಬಹುಮಾನ ಬಂತು. ಮೊದಲ ಬಹುಮಾನ ಬಂದದ್ದು ಅವರ ಇನ್ನೊಂದು ಕಥೆಗೆ, ಅದೇ ಅವರ ಮೊದಲ ಸಿನಿಮಾ ಆಯಿತು. ಇದನ್ನು ಜೇಮ್ಸ್ ಶೇಮಸ್ ಜೊತೆ ಸೇರಿ ತಿದ್ದಿ ಬರೆದರು. ನಾಯಕ ವಿನ್‌ಸ್ಟನ್ ಚಾವೋ ಅದುವರೆಗೆ ವಿಮಾನದಲ್ಲಿ ಕೆಲಸ ಮಾಡುತ್ತಿದ್ದವರು, ಅವರಿಗೆ ಇದು ಮೊದಲ ಸಿನಿಮಾ. ಒಂದೊಂದು ಕಡೆ ಅವರ ಬಿಗಿತ ಕಾಣುತ್ತದೆ. ಆದರೆ ಅಪ್ಪ ಅಮ್ಮನ ಮುಂದೆ ಉಸಿರು ಹಿಡಿದು ಬದುಕುವ ಮಗನಿಗೆ ಆ ಬಿಗಿತ ಒಪ್ಪುತ್ತದೆ. ಸುಮಾರು 10 ಲಕ್ಷ ಡಾಲರ್‌ನಲ್ಲಿ ಆದ ಸಿನಿಮಾ 2 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು. ಹಾಕಿದ ದುಡ್ಡಿಗೆ ಹೋಲಿಸಿದರೆ ಆ ವರ್ಷ ಡೈನೋಸಾರ್‌ಗಳಿದ್ದ ದೊಡ್ಡ ಸಿನಿಮಾ ‘ಜುರಾಸಿಕ್ ಪಾರ್ಕ್’ ಅನ್ನೂ ಹಿಂದೆ ಹಾಕಿತು. ಬರ್ಲಿನ್ ಚಿತ್ರೋತ್ಸವದಲ್ಲಿ ಚೀನಾದ ಇನ್ನೊಂದು ಸಿನಿಮಾ ಜೊತೆ ಅಲ್ಲಿನ ಅತಿ ದೊಡ್ಡ ಪ್ರಶಸ್ತಿಯಾದ ಗೋಲ್ಡನ್ ಬೇರ್ ಹಂಚಿಕೊಂಡಿತು, ತೈವಾನ್ ಪರವಾಗಿ ಆಸ್ಕರ್ ನಾಮನಿರ್ದೇಶನವೂ ಬಂತು.

ಈ ಕಥೆ ಈಗ ಹಳೆಯದಾಯಿತು ಅನ್ನುವವರಿದ್ದಾರೆ. ನ್ಯೂಯಾರ್ಕ್‌ನಲ್ಲಿ 2011ರಿಂದ ಇಬ್ಬರು ಗಂಡಸರು ಮದುವೆಯಾಗಬಹುದು. ತೈವಾನ್‌ನಲ್ಲಿ 2019ರ ಮೇ ತಿಂಗಳಿಂದ, ಏಷ್ಯಾದಲ್ಲೇ ಮೊದಲು. ಅಂದರೆ ವೈ-ಟುಂಗ್ ಮತ್ತು ಸೈಮನ್ ಇವತ್ತು ಅದೇ ಸಿಟಿ ಹಾಲ್‌ನಲ್ಲಿ ಅಕ್ಕಪಕ್ಕ ನಿಲ್ಲಬಹುದು. ಆದರೆ ಕಾನೂನು ಬಂದ ಮಾತ್ರಕ್ಕೆ ಅಮ್ಮ ಬರುವ ಮುಂಚೆ ದಿಂಬು ಎತ್ತಿಡುವುದು ನಿಲ್ಲುತ್ತದಾ? ಅಪ್ಪನ ಮುಂದೆ ಬಾಯಿ ಬಿಡುವ ಧೈರ್ಯ ಯಾವ ರಿಜಿಸ್ಟರ್ ಆಫೀಸಿನಲ್ಲೂ ಕೊಡುವುದಿಲ್ಲ.

2025ರಲ್ಲಿ ಇದೇ ಹೆಸರಿನಲ್ಲಿ ಹೊಸ ಸಿನಿಮಾ ಬಂತು. ನಿರ್ದೇಶಕ ಆಂಡ್ರ್ಯೂ ಆನ್, ಬರವಣಿಗೆಯಲ್ಲಿ ಜೊತೆಗೆ ಅದೇ ಜೇಮ್ಸ್ ಶೇಮಸ್. ಸಿಯಾಟಲ್‌ನಲ್ಲಿ ನಡೆಯುವ ಕಥೆ. ಒಂದು ಗೇ ಜೋಡಿ, ಒಂದು ಲೆಸ್ಬಿಯನ್ ಜೋಡಿ. ಈ ಸಲ ಗ್ರೀನ್ ಕಾರ್ಡ್ ಬೇಕಾಗಿರುವುದು ಹುಡುಗನಿಗೆ, ಮಗು ಬೇಕಾಗಿರುವುದು ಹುಡುಗಿಯರಿಗೆ. ಕೊರಿಯಾದಿಂದ ಬರುವ ಅಜ್ಜಿಯಾಗಿ ಯೂನ್ ಯೂ-ಜಂಗ್ ಇದ್ದಾರೆ, ಅವರಿಗೋಸ್ಕರವೇ ನೋಡಬಹುದು. ಅಜ್ಜಿಗೆ ವಿಷಯ ಬೇಗನೆ ತಿಳಿದುಬಿಡುತ್ತದೆ, ಹಾಗಾಗಿ ಬಚ್ಚಿಡುವ ಒತ್ತಡ ಇಲ್ಲಿ ಕಡಿಮೆ. ಹಳೆಯದರಲ್ಲಿ ವೇ-ವೇ ಒಬ್ಬಳೇ ಹೊತ್ತ ಭಾರವನ್ನು ಇಲ್ಲಿ ನಾಲ್ಕು ಜನ ಹಂಚಿಕೊಳ್ಳುತ್ತಾರೆ, ಅದು ನನಗೆ ಸಮಾಧಾನ ಕೊಟ್ಟಿತು. ಆದರೂ ಮೊದಲು ನೋಡಬೇಕಾದದ್ದು 1993ರದ್ದನ್ನೇ.

ನೋಡುವಾಗ ಒಂದು ವಿಷಯ ಗಮನದಲ್ಲಿರಲಿ. ಡಬ್ ಆದ ಪ್ರತಿ ಬೇಡ, ಮೂಲ ಧ್ವನಿ ಮತ್ತು ಸಬ್‌ಟೈಟಲ್ ಇರುವುದನ್ನೇ ಹುಡುಕಿ. ಯಾರು ಯಾವ ಮಾತನ್ನು ಯಾವ ಭಾಷೆಯಲ್ಲಿ ಆಡುತ್ತಾರೆ, ಆಗ ಅಪ್ಪ ಎಲ್ಲಿ ಕೂತಿದ್ದಾರೆ ಅನ್ನುವುದರ ಮೇಲೇ ಕಥೆ ನಿಂತಿದೆ. ಎಲ್ಲವನ್ನೂ ಒಂದೇ ಭಾಷೆಗೆ ತಂದುಬಿಟ್ಟರೆ ಆ ತಿಂಡಿಯ ಹೊತ್ತಿನ ಜಗಳಕ್ಕೆ ಅರ್ಥವೇ ಇರುವುದಿಲ್ಲ. ಮನೆಯ ಹಿರಿಯರಿಗೆ ತೋರಿಸುವ ಯೋಚನೆ ಇದ್ದರೆ ಮೊದಲು ನೀವೊಬ್ಬರೇ ನೋಡಿ. ಮದುವೆ ರಾತ್ರಿಯ ದೃಶ್ಯ ಎಲ್ಲರಿಗೂ ಹಿತವಾಗಲಿಕ್ಕಿಲ್ಲ. ಮಿಕ್ಕಿದ್ದಕ್ಕೆ ಹೆದರಬೇಡಿ. ನನ್ನ ತಮ್ಮ ಇದನ್ನು ಅಮ್ಮನಿಗೆ ತೋರಿಸಬೇಕು ಅಂತಿದ್ದಾನೆ, ಪಕ್ಕದಲ್ಲಿ ನಾನೂ ಕೂತಿರಬೇಕಂತೆ.